ಅರ್ಜಿ ಹಾಕುವ ಮೊದಲೇ ಹೇಳಿ, ನಾವು ಅರ್ಹರೋ ಅಲ್ಲವೋ

ಸರ್ಕಾರಿ ಕೆಲಸದ ಪರೀಕ್ಷೆಯಲ್ಲಿ ಫೇಲಾದರೆ ಬೇಜಾರಾಗುತ್ತದೆ. ಆದರೂ ಅದನ್ನು ಹೇಗೋ ನುಂಗಿಕೊಳ್ಳಬಹುದು. ಓದಿದ್ದು ಸಾಲಲಿಲ್ಲ, ಮುಂದಿನ ಸಲ ನೋಡೋಣ ಅಂತ ಮತ್ತೆ ಪುಸ್ತಕ ಹಿಡಿಯಬಹುದು. ಆದರೆ ಪರೀಕ್ಷೆ ಪಾಸಾಗಿ, ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದು, ಮನೆಯವರು ಬೀದಿಗೆಲ್ಲ ಸಿಹಿ ಹಂಚಿದ ಮೇಲೆ, ಮೂಲ ದಾಖಲಾತಿ ಪರಿಶೀಲನೆಯ ದಿನ 'ನಿಮ್ಮ ವಿದ್ಯಾರ್ಹತೆ ಈ ಹುದ್ದೆಗೆ ಬರಲ್ಲ' ಅಂದರೆ ಏನು ಮಾಡಬೇಕು? ಅರ್ಜಿ ಹಾಕಿದ ದಿನವೂ ಆ ವಿದ್ಯಾರ್ಹತೆ ಅದೇ ಇತ್ತು. ಅವತ್ತು ಶುಲ್ಕ ಕಟ್ಟಿಸಿಕೊಂಡರು, ಹಾಲ್ ಟಿಕೆಟ್ ಕೊಟ್ಟರು, ಪರೀಕ್ಷೆ ಬರೆಸಿದರು. ಆಗ ಯಾರೂ ಇದನ್ನು ಹೇಳಲಿಲ್ಲ.

ತುಮಕೂರಿನಲ್ಲಿ ಈ ಮಾತು ಜಾಸ್ತಿ ಕೇಳಿಸುತ್ತದೆ. ಪಾವಗಡ, ಶಿರಾ, ಮಧುಗಿರಿ, ಕುಣಿಗಲ್ ಕಡೆಯಿಂದ ಬಂದು ರೂಮ್ ಮಾಡಿಕೊಂಡು, ಲೈಬ್ರರಿ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಮುಚ್ಚುವವರೆಗೆ ಓದುವ ಹುಡುಗ ಹುಡುಗಿಯರು ಇಲ್ಲಿ ತುಂಬಾ ಜನ ಇದ್ದಾರೆ. ಅವರಲ್ಲಿ ಒಬ್ಬರು ಡಿಪ್ಲೊಮಾ ಮಾಡಿರುತ್ತಾರೆ, ಒಬ್ಬರು ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ ಮುಗಿಸಿರುತ್ತಾರೆ, ಇನ್ನೊಬ್ಬರು ಪಕ್ಕದ ಆಂಧ್ರದ ಹಿಂದೂಪುರದಲ್ಲಿ ಇಂಟರ್ಮೀಡಿಯೆಟ್, ಅಂದರೆ ಅಲ್ಲಿನ ಪಿಯುಸಿ ಓದಿರುತ್ತಾರೆ. 'ನಾನು ಇದಕ್ಕೆ ಅರ್ಜಿ ಹಾಕಬಹುದಾ?' ಅನ್ನುವ ಸರಳ ಪ್ರಶ್ನೆಗೆ ಇವರಿಗೆ ಖಚಿತ ಉತ್ತರ ಕೊಡುವವರು ಇಲ್ಲ. ಸೈಬರ್ ಸೆಂಟರ್‌ನವರನ್ನು ಕೇಳಿ ಹಾಕುತ್ತಾರೆ. ಇಲ್ಲವೇ ಟೆಲಿಗ್ರಾಂ ಗ್ರೂಪಿನಲ್ಲಿ ಯಾರೋ ಹೇಳಿದ್ದನ್ನು ನಂಬುತ್ತಾರೆ.

ಯಾವ ಹುದ್ದೆಗೆ ಏನು ಓದಿರಬೇಕು ಅನ್ನುವುದನ್ನು ಯಾರು ಬರೆಯುತ್ತಾರೆ ಅಂತ ಮೊದಲು ನೋಡೋಣ. ಪ್ರತಿ ಇಲಾಖೆಗೂ ಅದರದೇ ವೃಂದ ಮತ್ತು ನೇಮಕಾತಿ ನಿಯಮ ಇರುತ್ತದೆ, ಎಲ್ಲರೂ 'ಸಿ ಅಂಡ್ ಆರ್' ಅನ್ನುತ್ತಾರಲ್ಲ, ಅದೇ. 1978ರ ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಕಾಯ್ದೆಯ ಅಡಿಯಲ್ಲಿ ಸರ್ಕಾರ ಅದನ್ನು ರೂಪಿಸುತ್ತದೆ. ಮೊದಲು ಕರಡು ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರಿ ಗೆಜೆಟ್‌ನಲ್ಲಿ ಬರುತ್ತದೆ. ಸಾಮಾನ್ಯವಾಗಿ 15 ದಿನ ಆಕ್ಷೇಪಣೆಗೆ ಅವಕಾಶ. ಆಮೇಲೆ ಅಂತಿಮ ನಿಯಮ. ನಾವು ಕಾಯುತ್ತಾ ಕೂರುವ ನೇಮಕಾತಿ ಅಧಿಸೂಚನೆ ಬರುವುದು ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳ ನಂತರ. ಅಂದರೆ ಜಗಳ ಶುರುವಾಗುವ ಹೊತ್ತಿಗೆ ತೀರ್ಮಾನ ಆಗಿ ಎಷ್ಟೋ ಕಾಲವಾಗಿರುತ್ತದೆ. ಆ 15 ದಿನದಲ್ಲಿ ಶಿರಾದ ಹಳ್ಳಿಯಲ್ಲಿರುವ ಅಭ್ಯರ್ಥಿ ರಾಜ್ಯಪತ್ರ ತೆಗೆದು ನೋಡುತ್ತಾನಾ? ನೋಡಲ್ಲ. ನೋಡಬೇಕು ಅಂತ ಅವನಿಗೆ ಯಾರೂ ಹೇಳಿಯೇ ಇಲ್ಲ.

ಇನ್ನೊಂದು ತೊಡಕು, ಕೆಲಸ ಹಂಚಿಹೋಗಿರುವುದು. ಅರ್ಹತೆ ಬರೆಯುವುದು ಇಲಾಖೆ. ಪರೀಕ್ಷೆ ನಡೆಸುವುದು ಕರ್ನಾಟಕ ಲೋಕಸೇವಾ ಆಯೋಗ (ಕೆಪಿಎಸ್‌ಸಿ) ಅಥವಾ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ). ನೇಮಕಾತಿ ಆದೇಶ ಕೊಡುವುದು ಮತ್ತೊಬ್ಬರು. ಗ್ರಾಮ ಆಡಳಿತ ಅಧಿಕಾರಿ ಹುದ್ದೆಯನ್ನೇ ತಗೊಳ್ಳಿ. 2024ರಲ್ಲಿ 1000 ಹುದ್ದೆಗೆ ಅರ್ಜಿ ಕರೆದರು. ಹುದ್ದೆ ಕಂದಾಯ ಇಲಾಖೆಯದು, ಪರೀಕ್ಷೆ ಕೆಇಎಯದು, ನೇಮಕ ಮಾಡುವ ಅಧಿಕಾರ ಜಿಲ್ಲಾಧಿಕಾರಿಯದು. ವಿದ್ಯಾರ್ಹತೆ ದ್ವಿತೀಯ ಪಿಯುಸಿ ಅಥವಾ ತತ್ಸಮಾನ. ಸಿಬಿಎಸ್‌ಇ 12ನೇ ತರಗತಿ ಆಗುತ್ತದೆ, ರಾಷ್ಟ್ರೀಯ ಮುಕ್ತ ಶಾಲೆಯ 12ನೇ ತರಗತಿ ಆಗುತ್ತದೆ, ಮೂರು ವರ್ಷದ ಡಿಪ್ಲೊಮಾ ಆಗುತ್ತದೆ. ಈ ಪಟ್ಟಿಯಲ್ಲಿ ಇಲ್ಲದ ಕೋರ್ಸ್ ಮಾಡಿದವರು ಏನು ಮಾಡಬೇಕು? ತಮ್ಮ ಕೋರ್ಸ್ ಪಿಯುಸಿಗೆ ಸಮ ಅನ್ನುವ ಸರ್ಕಾರಿ ಆದೇಶವನ್ನು ತಾವೇ ಹುಡುಕಿ ತರಬೇಕು. ಸಿಕ್ಕರೂ ಒಂದು ಜಿಲ್ಲೆಯಲ್ಲಿ ಒಪ್ಪಿದ ಕಾಗದವನ್ನು ಇನ್ನೊಂದು ಜಿಲ್ಲೆಯಲ್ಲಿ ಒಪ್ಪುತ್ತಾರೆ ಅನ್ನುವ ಭರವಸೆ ಇಲ್ಲ. ಪರಿಶೀಲನೆಗೆ ಕೂರುವವರು ಬೇರೆ ಬೇರೆ ಜನ.

ಒಂದು ಮಾತು ಇಲ್ಲೇ ಹೇಳಬೇಕು. ಈ ಹುದ್ದೆಗೆ ಮೊದಲು ಪರೀಕ್ಷೆ ಇರಲಿಲ್ಲ, ಪಿಯುಸಿ ಅಂಕ ನೋಡಿ ಆಯ್ಕೆ ಮಾಡುತ್ತಿದ್ದರು. 2021ರಲ್ಲಿ ಕೋವಿಡ್‌ನಿಂದಾಗಿ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಗಿ, ಹಿಂದಿನ ಅಂಕಗಳ ಲೆಕ್ಕದಲ್ಲಿ ಫಲಿತಾಂಶ ಕೊಟ್ಟರು. ಆ ಅಂಕವನ್ನು ಹತ್ತು ವರ್ಷದ ಹಿಂದಿನ ಅಂಕದ ಜೊತೆ ಹೋಲಿಸಿ ಕೆಲಸ ಕೊಡುವುದು ಹೇಗೆ ಸರಿಯಾಗುತ್ತದೆ? ಪರೀಕ್ಷೆ ತಂದಿದ್ದು ಒಳ್ಳೆಯ ಬದಲಾವಣೆ ಅಂತಲೇ ನನಗನ್ನಿಸುತ್ತದೆ.

ವಿದ್ಯಾರ್ಹತೆಯ ಜಗಳ ಅತಿ ಜೋರಾಗಿರುವುದು ಶಿಕ್ಷಕರ ನೇಮಕಾತಿಯಲ್ಲಿ. ಡಿ.ಎಡ್ ಮತ್ತು ಬಿ.ಎಡ್ ಗಲಾಟೆ ಎಲ್ಲರಿಗೂ ಗೊತ್ತು, ಆದರೆ ಅದು ಹೇಗೆ ನಡೆಯಿತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲಿನಿಂದಲೂ 1ರಿಂದ 5ನೇ ತರಗತಿಗೆ ಪಿಯುಸಿ ಜೊತೆ ಡಿ.ಎಡ್, ಹಿಂದೆ ಟಿಸಿಎಚ್ ಅನ್ನುತ್ತಿದ್ದರಲ್ಲ, ಅದು ಸಾಕಿತ್ತು. 2018ರ ಜೂನ್ 28ರಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ, ಅಂದರೆ ಎನ್‌ಸಿಟಿಇ, ಒಂದು ಅಧಿಸೂಚನೆ ಹೊರಡಿಸಿತು. ಬಿ.ಎಡ್ ಆದವರೂ 1ರಿಂದ 5ಕ್ಕೆ ಪಾಠ ಮಾಡಬಹುದು, ಕೆಲಸಕ್ಕೆ ಸೇರಿ ಎರಡು ವರ್ಷದೊಳಗೆ ಆರು ತಿಂಗಳ ಬ್ರಿಡ್ಜ್ ಕೋರ್ಸ್ ಮಾಡಿಕೊಂಡರೆ ಸಾಕು ಅಂತ. ರಾಜಸ್ಥಾನ ಸರ್ಕಾರ ಇದನ್ನು ಒಪ್ಪದೆ 2021ರಲ್ಲಿ ತನ್ನ ಅರ್ಹತಾ ಪರೀಕ್ಷೆಯಿಂದ ಬಿ.ಎಡ್‌ನವರನ್ನು ಹೊರಗಿಟ್ಟಿತು. ಕೇಸಾಯಿತು. ಅಲ್ಲಿನ ಹೈಕೋರ್ಟ್ ಅಧಿಸೂಚನೆಯನ್ನೇ ರದ್ದು ಮಾಡಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೇವೇಶ್ ಶರ್ಮಾ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು.

ಕೋರ್ಟ್ ಕೊಟ್ಟ ಕಾರಣ ಸರಳ. ಬಿ.ಎಡ್ ತರಬೇತಿ ದೊಡ್ಡ ಮಕ್ಕಳಿಗೆ ಪಾಠ ಮಾಡಲು ರೂಪಿಸಿದ್ದು, ಅಆಇಈ ಕಲಿಯುವ ಮಕ್ಕಳಿಗಲ್ಲ. ಪುಟ್ಟ ಮಕ್ಕಳಿಗೆ ಗುಣಮಟ್ಟದ ಶಿಕ್ಷಣ ಅವರ ಮೂಲಭೂತ ಹಕ್ಕಿನ ಭಾಗ. ಹಾಗಾಗಿ ಇಲ್ಲಿ ರಾಜಿ ಮಾಡಿಕೊಳ್ಳುವ ಹಾಗಿಲ್ಲ. ನನಗೆ ಈ ತೀರ್ಪು ಸರಿ ಅನ್ನಿಸುತ್ತದೆ. ಒಂದನೇ ತರಗತಿಯ ಮಗುವಿಗೆ ಅಕ್ಷರ ತಿದ್ದಿಸುವುದು ಬೇರೆಯೇ ವಿದ್ಯೆ, ಅದನ್ನು ಎರಡು ವರ್ಷ ಕಲಿತು ಬಂದವರನ್ನು ಬಿಟ್ಟು ಇನ್ನೊಬ್ಬರನ್ನು ಕೂರಿಸುವುದು ಮಕ್ಕಳಿಗೂ ಅನ್ಯಾಯ, ಡಿ.ಎಡ್ ಮಾಡಿದವರಿಗೂ ಅನ್ಯಾಯ. ಆದರೆ ಅಧಿಸೂಚನೆ ಬಂದ ಮೇಲೆ ತೀರ್ಪು ಬರಲು ಐದು ವರ್ಷ ಹಿಡಿಯಿತು. ಅಷ್ಟರಲ್ಲಿ ಬೇರೆ ಬೇರೆ ರಾಜ್ಯಗಳಲ್ಲಿ ಎಷ್ಟೋ ಬಿ.ಎಡ್ ಅಭ್ಯರ್ಥಿಗಳು ಕೆಲಸಕ್ಕೆ ಸೇರಿಬಿಟ್ಟಿದ್ದರು. ಸರ್ಕಾರವೇ ಅರ್ಹರು ಅಂದಿತ್ತು, ಅವರು ನಂಬಿದರು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಮತ್ತೆ ಸ್ಪಷ್ಟನೆ ಕೊಟ್ಟು, ತೀರ್ಪಿನ ದಿನಕ್ಕಿಂತ ಮೊದಲೇ ಸರಿಯಾಗಿ ನೇಮಕವಾದವರನ್ನು ತೆಗೆಯುವ ಹಾಗಿಲ್ಲ, ನೇಮಕಾತಿ ಕೇಸಿನ ತೀರ್ಪಿಗೆ ಬದ್ಧ ಅನ್ನುವ ಷರತ್ತಿದ್ದವರಿಗೆ ಮಾತ್ರ ಈ ರಕ್ಷಣೆ ಇಲ್ಲ ಅಂದಿತು. ಛತ್ತೀಸ್‌ಗಢದಲ್ಲಿ ಕೆಲಸ ಕಳೆದುಕೊಂಡ ಬಿ.ಎಡ್ ಶಿಕ್ಷಕರು ಬೀದಿಗಿಳಿದು ಹೋರಾಡಿದರು, ಆಮೇಲೆ ಅಲ್ಲಿನ ಸರ್ಕಾರ ಅವರನ್ನು ವಿಜ್ಞಾನ ಪ್ರಯೋಗಾಲಯದ ಸಹಾಯಕ ಶಿಕ್ಷಕರ ಹುದ್ದೆಗಳಿಗೆ ಹೊಂದಿಸಬೇಕಾಯಿತು. ಅರ್ಹತೆಯನ್ನು ಸಲೀಸಾಗಿ ಸಡಿಲ ಮಾಡಿದವರು ಆರಾಮಾಗಿದ್ದಾರೆ. ಪರದಾಡಿದವರು ಅಭ್ಯರ್ಥಿಗಳು.

ನಮ್ಮ ರಾಜ್ಯದ್ದೇ ಇನ್ನೊಂದು ಕಥೆ ಇದೆ. 1ರಿಂದ 7ನೇ ತರಗತಿಗೆ ಅಂತ ನೇಮಕವಾಗಿ ವರ್ಷಗಟ್ಟಲೆ ಪಾಠ ಮಾಡಿದ ಶಿಕ್ಷಕರನ್ನು 2017ರ ನಿಯಮ 1ರಿಂದ 5ಕ್ಕೆ ಸೀಮಿತ ಮಾಡಿತು. ಅವರು ಪಿಎಸ್‌ಟಿ, ಅಂದರೆ ಪ್ರಾಥಮಿಕ ಶಾಲಾ ಶಿಕ್ಷಕರು ಆದರು. 6ರಿಂದ 8ಕ್ಕೆ ಪದವೀಧರ ಶಿಕ್ಷಕರು, ಅಂದರೆ ಜಿಪಿಟಿ ಅನ್ನುವ ಬೇರೆ ವೃಂದ ಬಂತು. ಕೆಲಸದಲ್ಲಿದ್ದುಕೊಂಡೇ ರಾತ್ರಿ ಓದಿ ಬಿ.ಎ, ಬಿ.ಎಡ್ ಮಾಡಿಕೊಂಡವರ ಪ್ರಶ್ನೆ ನೇರವಾಗಿದೆ: 'ನಮಗೂ ಪದವಿ ಇದೆ, ಆ ತರಗತಿಗಳಿಗೆ ಪಾಠ ಮಾಡಿದ ಅನುಭವವೂ ಇದೆ, ನಾವು ಯಾಕೆ ಪದವೀಧರ ಶಿಕ್ಷಕರಲ್ಲ?' 2024ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾಜ್ಯದ ಮೂಲೆಮೂಲೆಯಿಂದ ಶಿಕ್ಷಕರು ಬಂದು ಸೇರಿದ್ದು ಇದಕ್ಕೇ. ಇತ್ತ ಹೊಸದಾಗಿ ಬಿ.ಎಡ್, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಮಾಡಿಕೊಂಡು ಕಾಯುತ್ತಿರುವವರು, ಇವರನ್ನೆಲ್ಲ ಅಲ್ಲಿಗೆ ಸೇರಿಸಿಬಿಟ್ಟರೆ ನಮಗೆ ಹುದ್ದೆ ಎಲ್ಲಿ ಉಳಿಯುತ್ತದೆ ಅಂತ ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ನ್ಯಾಯ ಇದೆ. ನಡುವೆ ನಿಂತು ತೀರ್ಮಾನ ಕೊಡಬೇಕಾದವರು ವರ್ಷಗಟ್ಟಲೆ ಮುಂದೂಡಿದ್ದರಿಂದ ಇವರಿಬ್ಬರು ಎದುರುಬದುರಾಗಿ ನಿಂತಿದ್ದಾರೆ ಅಷ್ಟೇ.

ಟಿಇಟಿ ವಿಚಾರ ಈಗ ಇನ್ನೂ ಬಿಗಿಯಾಗಿದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ಈಗಾಗಲೇ ಕೆಲಸದಲ್ಲಿರುವ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವ ಶಿಕ್ಷಕರೂ ಎರಡು ವರ್ಷದಲ್ಲಿ ಟಿಇಟಿ ಪಾಸ್ ಮಾಡಬೇಕು ಅಂದಿತು. ಐದು ವರ್ಷಕ್ಕಿಂತ ಕಡಿಮೆ ಇರುವವರು ಮುಂದುವರಿಯಬಹುದು, ಬಡ್ತಿ ಬೇಕಾದರೆ ಮಾತ್ರ ಟಿಇಟಿ ಬೇಕು. ಆ ಪರೀಕ್ಷೆ ಹುಟ್ಟುವ ಮೊದಲೇ ನೇಮಕವಾಗಿ, ಮಧುಗಿರಿಯ ಒಂದು ಹಳ್ಳಿ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದ ಮೇಷ್ಟ್ರೂ ಈಗ ಗೈಡ್ ಹಿಡಿದು ಕೂರಬೇಕು.

ಕಡಿಮೆ ಓದಿದವರದು ಒಂದು ಕಷ್ಟವಾದರೆ ಜಾಸ್ತಿ ಓದಿದವರದು ಇನ್ನೊಂದು. ಪಿಯುಸಿ ಸಾಕು ಅನ್ನುವ ಹುದ್ದೆಗೆ ಬಿ.ಇ ಮಾಡಿದವರು ಅರ್ಜಿ ಹಾಕುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಅವರ ಹತ್ತಿರ ಪಿಯುಸಿಯೂ ಇರುವುದರಿಂದ ಅಲ್ಲಿ ಕಾನೂನಿನ ತೊಂದರೆ ಇಲ್ಲ. ತೊಂದರೆ ಬರುವುದು ಡಿಪ್ಲೊಮಾ ಕೇಳಿದ ಕಡೆ ಬರೀ ಬಿ.ಇ ಇದ್ದಾಗ, ಐಟಿಐ ಕೇಳಿದ ಕಡೆ ಬರೀ ಡಿಪ್ಲೊಮಾ ಇದ್ದಾಗ. ದೊಡ್ಡ ಓದು ಇದ್ದರೆ ಚಿಕ್ಕದು ಅದರೊಳಗೇ ಇರುತ್ತದೆ ಅಲ್ವಾ ಅಂತ ಸಹಜವಾಗಿ ಅನ್ನಿಸುತ್ತದೆ. ಕೋರ್ಟುಗಳು ಯಾವಾಗಲೂ ಹಾಗೆ ಹೇಳಿಲ್ಲ. 2010ರ ಕೇರಳದ ಒಂದು ಪ್ರಕರಣದಲ್ಲಿ, ಡಿಪ್ಲೊಮಾ ಕೇಳಿದ್ದ ಸಬ್ ಎಂಜಿನಿಯರ್ ಹುದ್ದೆಗೆ ಬಿ.ಟೆಕ್ ಆದವರೂ ಅರ್ಹರು ಅಂತ ಸುಪ್ರೀಂ ಕೋರ್ಟ್ ಹೇಳಿತು, ಯಾಕೆಂದರೆ ಕೇರಳದ ನಿಯಮದಲ್ಲೇ ಅದಕ್ಕೆ ದಾರಿ ಇತ್ತು. 2018ರಲ್ಲಿ ಜಮ್ಮು ಕಾಶ್ಮೀರದ ಟೆಕ್ನಿಷಿಯನ್ ಹುದ್ದೆಯ ಕೇಸಿನಲ್ಲಿ ಅದೇ ಕೋರ್ಟ್, ಐಟಿಐ ಕೇಳಿದ ಮೇಲೆ ಐಟಿಐಯೇ ಬೇಕು, ಡಿಪ್ಲೊಮಾ ಇದೆ ಅಂತ ಐಟಿಐ ಇದ್ದ ಹಾಗಲ್ಲ ಅಂದಿತು. ಅಲ್ಲಿನ ನಿಯಮದಲ್ಲಿ ಆ ದಾರಿ ಇರಲಿಲ್ಲ.

2020ರ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣವಂತೂ ಎಲ್ಲರೂ ತಿಳಿದಿರಬೇಕಾದ್ದು. ಪ್ಯೂನ್ ಹುದ್ದೆಗೆ 12ನೇ ತರಗತಿ ಪಾಸಾಗಿರಬೇಕು, ಪದವೀಧರ ಆಗಿರಬಾರದು ಅಂತ ಜಾಹೀರಾತಿನಲ್ಲೇ ಇತ್ತು. ಒಬ್ಬ ಅಭ್ಯರ್ಥಿ ಪದವಿ ಇರುವುದನ್ನು ಮುಚ್ಚಿಟ್ಟು ಆಯ್ಕೆಯಾದರು. ಬ್ಯಾಂಕ್ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಹೈಕೋರ್ಟ್ ಅಭ್ಯರ್ಥಿಯ ಪರ ಹೇಳಿದರೂ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ನಿಂತಿತು. ಓದಿದ್ದನ್ನು ಅಡಗಿಸುವ ಮಟ್ಟಕ್ಕೆ ಒಬ್ಬ ಪದವೀಧರ ಬರುತ್ತಾನೆ ಅಂದರೆ ಊರಲ್ಲಿ ಬೇರೆ ಕೆಲಸದ ಪರಿಸ್ಥಿತಿ ಏನಾಗಿದೆ ಅಂತ ಯೋಚನೆ ಮಾಡಬೇಕು. ಆದರೂ ನಿಮಗೆ ಹೇಳುವುದು ಇಷ್ಟೇ: ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬೇಡಿ. ಅರ್ಹತೆಯ ಬಗ್ಗೆ ಗೊಂದಲ ಇದ್ದರೆ ವಾದ ಮಾಡಲು ಜಾಗ ಇರುತ್ತದೆ, ಸುಳ್ಳು ಹೇಳಿದ್ದು ಗೊತ್ತಾದರೆ ಅದೂ ಇರಲ್ಲ.

ದೂರಶಿಕ್ಷಣದಲ್ಲಿ ಪದವಿ ಪಡೆದವರ ಆತಂಕ ಬೇರೆ. ಮನೆ ಕಷ್ಟಕ್ಕೆ ಬೇಗ ಕೆಲಸಕ್ಕೆ ಸೇರಿ ಆಮೇಲೆ ಓದಿದವರು, ಮದುವೆಯಾದ ಮೇಲೆ ಓದಿದ ಹೆಣ್ಣುಮಕ್ಕಳು, ಇವರಿಗೆಲ್ಲ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವೇ ದಾರಿಯಾಗಿತ್ತು. ಅದಕ್ಕೆ 2013-14ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಇಲ್ಲದೆ ಹೋಯಿತು. ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಸೇರಿ ಓದಿದವರ ಗತಿ ಏನು ಅನ್ನುವುದು ಎಷ್ಟೋ ಕಾಲ ತೂಗಾಡುತ್ತಲೇ ಇತ್ತು. ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ 2022ರಲ್ಲಿ ಮತ್ತೆ ಸ್ಪಷ್ಟ ಮಾಡಿದೆ. ಆದರೆ ಆ ಮಾನ್ಯತೆ ನೀವು ಸೇರಿದ ವರ್ಷಕ್ಕೆ, ನೀವು ಓದಿದ ಕೋರ್ಸಿಗೆ ಇತ್ತಾ ಅನ್ನುವುದೇ ಮುಖ್ಯ. ವಿಶ್ವವಿದ್ಯಾಲಯದ ಹೆಸರು ದೊಡ್ಡದಿದ್ದ ಮಾತ್ರಕ್ಕೆ ಆಗಲ್ಲ. ಒಂದೇ ಸಮಯದಲ್ಲಿ ಎರಡು ಪದವಿ ಮಾಡಿದವರದೂ ಇದೇ ಪಾಡಾಗಿತ್ತು. 2022ರ ಏಪ್ರಿಲ್‌ನಲ್ಲಿ ಯುಜಿಸಿ ಅದಕ್ಕೆ ಅವಕಾಶ ಕೊಟ್ಟಿತು, ಅದಕ್ಕಿಂತ ಹಿಂದೆ ಮಾಡಿದವರ ಪದವಿಗೂ ಬೆಲೆ ಸಿಕ್ಕಿದ್ದು 2025ರಲ್ಲಿ.

ಮುಂದೆ ಬರುವ ಇನ್ನೊಂದು ಜಗಳ ನನಗೆ ಈಗಲೇ ಕಾಣುತ್ತಿದೆ. ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಪದವಿ ಶುರುವಾಯಿತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ನಡುವೆ ಸೇರಿದ ಮೂರು ಬ್ಯಾಚ್‌ನವರ ಅಂಕಪಟ್ಟಿಯೇ ಬೇರೆ ರೀತಿ. ಹಳೆಯ ಪಿಸಿಎಂ, ಸಿಬಿಜೆಡ್, ಎಚ್‌ಇಪಿ ಲೆಕ್ಕದಲ್ಲಿ ಮೂರು ವಿಷಯ ಮೂರು ವರ್ಷ ಓದಿರುತ್ತಿದ್ದರು. ಇವರಲ್ಲಿ ಎರಡೇ ವಿಷಯ ಓದಿದವರಿದ್ದಾರೆ, ಕೊನೆಯ ವರ್ಷ ಒಂದೇ ವಿಷಯ ಮೇಜರ್ ತಗೊಂಡವರಿದ್ದಾರೆ. ಶಿಕ್ಷಕರ ನೇಮಕಾತಿಯಲ್ಲಿ ಪದವಿಯಲ್ಲಿ ಯಾವ ಐಚ್ಛಿಕ ವಿಷಯ ಓದಿದ್ದೀರಿ ಅನ್ನುವುದರ ಮೇಲೆಯೇ ಅರ್ಹತೆ ನಿಂತಿರುತ್ತದೆ. ಈ ಮಕ್ಕಳು ತಾವಾಗಿ ಆ ಪದ್ಧತಿ ಆರಿಸಿಕೊಂಡವರಲ್ಲ. ತುಮಕೂರು ವಿಶ್ವವಿದ್ಯಾಲಯದಲ್ಲಿ ಓದಿದವರಿಗೂ, ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಲ್ಲಿ ಓದಿದವರಿಗೂ ಒಂದೇ ಉತ್ತರ ಸಿಗಬೇಕು, ಅದೂ ಅಧಿಸೂಚನೆಗೆ ಮೊದಲು.

ಡಿಗ್ರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ವಿಷಯ ಕರುಳು ಹಿಂಡುವಂಥದ್ದು. ಸಹಾಯಕ ಪ್ರಾಧ್ಯಾಪಕರಾಗಲು ರಾಷ್ಟ್ರ ಮಟ್ಟದ ಅರ್ಹತಾ ಪರೀಕ್ಷೆ ಎನ್‌ಇಟಿ, ರಾಜ್ಯ ಮಟ್ಟದ ಕೆಸೆಟ್ ಅಥವಾ ಪಿಎಚ್.ಡಿ ಬೇಕು. ಪಿಎಚ್.ಡಿ ಕಡ್ಡಾಯ ಅಂತ ಒಮ್ಮೆ ಹೇಳಿ, ಮುಂದೂಡಿ, ಕೊನೆಗೆ 2023ರ ಜುಲೈನಲ್ಲಿ ಎನ್‌ಇಟಿ ಅಥವಾ ಸೆಟ್ ಸಾಕು ಅಂತ ಯುಜಿಸಿ ತೀರ್ಮಾನಿಸಿತು. ಇದ್ಯಾವುದೂ ಇಲ್ಲದೆ ಬರೀ ಎಂ.ಎ ಇಟ್ಟುಕೊಂಡು ಹತ್ತು ಹದಿನೈದು ವರ್ಷದಿಂದ ಪಾಠ ಮಾಡುತ್ತಿರುವವರು ಎಷ್ಟೋ ಜನ. 2022ರಲ್ಲಿ ಸರ್ಕಾರವೇ ಇವರ ಗೌರವಧನ ಹೆಚ್ಚಿಸುವಾಗ ಯುಜಿಸಿ ಅರ್ಹತೆ ಇರುವವರಿಗೆ ತಿಂಗಳಿಗೆ 32 ಸಾವಿರದವರೆಗೆ, ಇಲ್ಲದವರಿಗೆ 28 ಸಾವಿರದವರೆಗೆ ಅಂತ ಎರಡು ದರ ಇಟ್ಟಿತು. ಅಂದರೆ ಅರ್ಹತೆ ಇಲ್ಲ ಅಂತ ಗೊತ್ತಿದ್ದೇ ಪಾಠ ಮಾಡಿಸಿಕೊಂಡರು. ಅರ್ಹತೆ ಇರುವವರೇ ಪಾಠ ಮಾಡಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಅರ್ಹತೆ ಪಡೆಯಲು ಕಾಲಾವಕಾಶ, ರಜೆ, ಏನನ್ನೂ ಕೊಡದೆ ನಲವತ್ತೈದರ ವಯಸ್ಸಿನಲ್ಲಿ ಹೊರಗೆ ಹೋಗಿ ಅನ್ನುವುದು ಮನುಷ್ಯರು ಮಾಡುವ ಕೆಲಸವಲ್ಲ.

ದಿನಾಂಕದ ವಿಚಾರ ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಕಾನೂನು ಸ್ಪಷ್ಟವಾಗಿದೆ. ಅಧಿಸೂಚನೆಯಲ್ಲಿ ಬೇರೆ ದಿನ ಹೇಳದಿದ್ದರೆ, ಅರ್ಜಿಯ ಕೊನೆಯ ದಿನಕ್ಕೆ ನಿಮ್ಮ ಹತ್ತಿರ ಅರ್ಹತೆ ಇರಬೇಕು. 1993 ಮತ್ತು 1997ರ ಸುಪ್ರೀಂ ಕೋರ್ಟ್ ತೀರ್ಪುಗಳು ಇದನ್ನೇ ಹೇಳಿವೆ. ಪರೀಕ್ಷೆ ಬರೆದಾಗಿದೆ, ಫಲಿತಾಂಶ ಬರಬೇಕು ಅನ್ನುವುದು ನಡೆಯಲ್ಲ. ವಿಶ್ವವಿದ್ಯಾಲಯ ಫಲಿತಾಂಶ ತಡ ಮಾಡಿದರೆ ಅದರ ಪೆಟ್ಟೂ ಅಭ್ಯರ್ಥಿಗೇ. ವಯೋಮಿತಿಯ ಅಂಚಿನಲ್ಲಿರುವವರಿಗೆ ಇದು ತುಂಬಾ ದೊಡ್ಡ ಪೆಟ್ಟು. 2024ರ ಅಕ್ಟೋಬರ್ ಕೊನೆಯಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಬೇಡ ಅಂತ ಸಂಪುಟ ನಿರ್ಧರಿಸಿದ ಮೇಲೆ, ಒಂದೊಂದು ಅಧಿಸೂಚನೆ ತಪ್ಪಿಹೋಗುವುದೂ ಎಷ್ಟು ದುಬಾರಿ ಅಂತ ಇಲ್ಲಿನ ಓದುವ ಮಕ್ಕಳಿಗೆ ಚೆನ್ನಾಗಿ ಗೊತ್ತಾಗಿದೆ.

ಕೋರ್ಟಿಗೆ ಹೋದರೆ ಆಯಿತು ಅಂತ ಕೆಲವರು ಸಲಹೆ ಕೊಡುತ್ತಾರೆ. ರಾಜ್ಯ ಸರ್ಕಾರದ ಹುದ್ದೆಯಾದರೆ ನಮ್ಮ ಕಡೆಯವರು ಮೊದಲು ಬೆಂಗಳೂರಿನ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ (ಕೆಎಟಿ) ಹೋಗಬೇಕು, ಆಮೇಲೆ ಹೈಕೋರ್ಟ್. ವಕೀಲರ ಫೀಸು, ಓಡಾಟ, ವರ್ಷಗಳು. ಹೋದ ಮೇಲೂ, ಯಾವ ಹುದ್ದೆಗೆ ಯಾವ ಓದು ಬೇಕು, ಯಾವುದು ಯಾವುದಕ್ಕೆ ಸಮ ಅನ್ನುವುದನ್ನು ತೀರ್ಮಾನಿಸುವುದು ಕೆಲಸ ಕೊಡುವವರ ಅಧಿಕಾರ, ನಾವು ನಿಯಮ ತಿದ್ದಿ ಬರೆಯಲು ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ, 2019ರಲ್ಲಿ ಮಹಾರಾಷ್ಟ್ರ ಲೋಕಸೇವಾ ಆಯೋಗದ ಪ್ರಕರಣದಲ್ಲಿ ಅದನ್ನು ಬಿಡಿಸಿ ಹೇಳಿದೆ. ಅಭ್ಯರ್ಥಿಗಳ ಪರ ಇರುವ ಗಟ್ಟಿ ಮಾತು ಅಂದರೆ 2024ರ ನವೆಂಬರ್ 7ರ ಸಂವಿಧಾನ ಪೀಠದ ತೀರ್ಪು. ನೇಮಕಾತಿ ಶುರುವಾದ ಮೇಲೆ, ನಿಯಮದಲ್ಲಾಗಲಿ ಅಧಿಸೂಚನೆಯಲ್ಲಾಗಲಿ ಅವಕಾಶ ಇಲ್ಲದಿದ್ದರೆ, ಅರ್ಹತೆಯ ಮಾನದಂಡವನ್ನು ನಡುವೆ ಬದಲಾಯಿಸುವ ಹಾಗಿಲ್ಲ ಅಂತ ಐವರು ನ್ಯಾಯಮೂರ್ತಿಗಳು ಹೇಳಿದ್ದಾರೆ. ನಿಮ್ಮ ಅಧಿಸೂಚನೆಗೆ ತಿದ್ದುಪಡಿ ಬಂದು ನೀವು ಹೊರಗೆ ಬಿದ್ದರೆ ಈ ತೀರ್ಪನ್ನು ವಕೀಲರ ಮುಂದಿಡಿ.

ಹಾಗಾದರೆ ಏನಾಗಬೇಕು? ಪರೀಕ್ಷೆಗೆ ಮೊದಲೇ ವಿದ್ಯಾರ್ಹತೆ ಪರಿಶೀಲನೆ ಆಗಬೇಕು. ಲಕ್ಷಗಟ್ಟಲೆ ಅರ್ಜಿ ಬರುತ್ತದೆ, ಎಲ್ಲವನ್ನೂ ಮೊದಲೇ ನೋಡಲು ಆಗಲ್ಲ ಅನ್ನುತ್ತಾರೆ. ಎಲ್ಲವನ್ನೂ ನೋಡಬೇಕಿಲ್ಲ. ಕರ್ನಾಟಕದ ಪಿಯುಸಿ, ಇಲ್ಲಿನ ವಿಶ್ವವಿದ್ಯಾಲಯದ ರೆಗ್ಯುಲರ್ ಪದವಿ ಇರುವವರದು ಗೊಂದಲವೇ ಇಲ್ಲ. ಅಂಕಪಟ್ಟಿಗಳು ಈಗ ಡಿಜಿಲಾಕರ್‌ನಲ್ಲೇ ಸಿಗುತ್ತಿವೆ. ಬೇರೆ ಬೋರ್ಡು, ದೂರಶಿಕ್ಷಣ, ಐಟಿಐ, ಬೇರೆ ರಾಜ್ಯದ ಪದವಿ ಅಂತ ಅರ್ಜಿಯಲ್ಲಿ ಗುರುತು ಹಾಕಿದವರ ಅರ್ಜಿಗಳನ್ನಷ್ಟೇ ಬೇರೆ ಮಾಡಿ ನೋಡಿದರೆ ಸಾಕು. ಅವರಿಗೆ ಪರೀಕ್ಷೆಗೆ ಮೊದಲು ಬರವಣಿಗೆಯಲ್ಲಿ ಉತ್ತರ ಕೊಡಬೇಕು, ಇಲ್ಲ ಅನ್ನುವುದಾದರೆ ಶುಲ್ಕ ವಾಪಸ್ ಮಾಡಬೇಕು. ಯಾವ ಕೋರ್ಸು ಯಾವುದಕ್ಕೆ ಸಮ ಅನ್ನುವ ಒಂದೇ ಪಟ್ಟಿ ಇಡೀ ರಾಜ್ಯಕ್ಕೆ ಇರಬೇಕು, ಅದು ಎಲ್ಲ ಇಲಾಖೆಗೂ, ಎಲ್ಲ ಜಿಲ್ಲಾಧಿಕಾರಿ ಕಚೇರಿಗೂ ಅನ್ವಯಿಸಬೇಕು. ಪಾವಗಡದಂಥ, ಮೂರು ಕಡೆ ಆಂಧ್ರ ಇರುವ ತಾಲ್ಲೂಕಿನವರಿಗೆ, ಬಾಗೇಪಲ್ಲಿ, ಮುಳಬಾಗಿಲಿನವರಿಗೆ ಇದು ತುಂಬಾ ಬೇಕು. ಗಡಿಯ ಆಚೆ ಓದಿದ್ದಕ್ಕೆ ಪ್ರತಿ ಸಲವೂ ಹೊಸದಾಗಿ ಸಾಬೀತು ಮಾಡುತ್ತಾ ಕೂರಲು ಆಗಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ಅಧಿಸೂಚನೆ ಬಂದಾಗ ಯೂಟ್ಯೂಬ್ ವಿಡಿಯೋ ನೋಡಿ ಬಿಡಬೇಡಿ, ಅದರಲ್ಲಿ ಹೆಸರಿಸಿರುವ ವೃಂದ ಮತ್ತು ನೇಮಕಾತಿ ನಿಯಮವನ್ನು ಇಲಾಖೆಯ ವೆಬ್‌ಸೈಟಿನಿಂದ ತೆಗೆದು ಓದಿ. ಸಂಶಯ ಇದ್ದರೆ ಅರ್ಜಿಯ ಕೊನೆಯ ದಿನಕ್ಕೆ ಮೊದಲೇ ಇಲಾಖೆಗೆ ಪತ್ರ ಬರೆಯಿರಿ, ಸ್ವೀಕೃತಿ ತಗೊಳ್ಳಿ, ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ನಿಮ್ಮ ಕೋರ್ಸಿಗೆ ಸಮಾನತೆ ಕೊಟ್ಟ ಸರ್ಕಾರಿ ಆದೇಶದ ಪ್ರತಿ ಈಗಲೇ ಹುಡುಕಿ ಇಟ್ಟುಕೊಳ್ಳಿ. ಕೋಚಿಂಗ್ ನಡೆಸುವವರಲ್ಲೂ ಒಂದು ವಿನಂತಿ. ಕರಡು ನಿಯಮ ಬಂದ 15 ದಿನದೊಳಗೆ ಅದನ್ನು ತರಗತಿಯಲ್ಲಿ ಓದಿ ಹೇಳಿ, ಎಲ್ಲರ ಕೈಲೂ ಆಕ್ಷೇಪಣೆ ಬರೆಸಿ, ಸ್ಪೀಡ್ ಪೋಸ್ಟ್‌ನಲ್ಲಿ ಇಲಾಖೆಯ ಕಾರ್ಯದರ್ಶಿಗೆ ಕಳಿಸಿ. ತುಮಕೂರಿನ ಒಂದು ತರಗತಿಯಿಂದ ನೂರು ಆಕ್ಷೇಪಣೆ ಹೋದರೆ ಇಲಾಖೆಯವರು ಅದನ್ನು ಕಡತದಲ್ಲಿ ಸೇರಿಸಿಕೊಳ್ಳಲೇಬೇಕು, ಅಂತಿಮ ನಿಯಮ ಬರೆಯುವಾಗ ನೋಡಲೇಬೇಕು.